ಡ್ರೂಜ್ ಜನರ ಕಾನೂನು ಹುಟ್ಟಿದ್ದು ಎಲ್ಲಿಂದ? ಗ್ರಂಥ ಗುಟ್ಟು, ಬಾಗಿಲು ಮುಚ್ಚಿ ಸಾವಿರ ವರ್ಷ

ಕೋರ್ಟ್‌ಹಾಲ್ ಕವಿತಾ

ನಮಸ್ಕಾರ ಎಲ್ಲರಿಗೂ. ನಾನು ಧಾರವಾಡದಲ್ಲಿ ವಕೀಲೆ. ಜಾಸ್ತಿ ಕೌಟುಂಬಿಕ ಕೇಸುಗಳೇ. 2025ರ ಜುಲೈನಲ್ಲಿ ಸಿರಿಯಾದ ಸ್ವೇದಾದಲ್ಲಿ ನಡೆದ ಕೊಲೆಗಳ ಸುದ್ದಿ ಓದಿದಾಗಿನಿಂದ ಡ್ರೂಜ್ ಜನರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಲೆಬನಾನ್, ಸಿರಿಯಾ, ಇಸ್ರೇಲಿನಲ್ಲಿ ಇರುವ ಒಂದು ಸಣ್ಣ ಧಾರ್ಮಿಕ ಸಮುದಾಯ ಅವರು. ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ.

ಲೆಬನಾನಿನ 1948ರ ಡ್ರೂಜ್ ವೈಯಕ್ತಿಕ ಕಾನೂನು ನೋಡಿ. ಒಬ್ಬ ಗಂಡಸಿಗೆ ಒಬ್ಬಳೇ ಹೆಂಡತಿ. ವಿಚ್ಛೇದನ ಆಗಬೇಕಾದರೆ ನ್ಯಾಯಾಧೀಶರ ತೀರ್ಪು ಬೇಕು. ಒಮ್ಮೆ ಬೇರೆಯಾದ ಗಂಡ ಹೆಂಡತಿ ಮತ್ತೆ ಪರಸ್ಪರ ಮದುವೆ ಆಗುವಂತೆಯೇ ಇಲ್ಲ. ಉಯಿಲು ಬರೆಯುವವರು ಪೂರ್ತಿ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಸುತ್ತಮುತ್ತಲಿನ ಮುಸ್ಲಿಂ ಕಾನೂನುಗಳಲ್ಲಿ ಇದು ಯಾವುದೂ ಹೀಗಿಲ್ಲ.

ಧರ್ಮಗ್ರಂಥವನ್ನು ತಮ್ಮವರಲ್ಲೇ ಬಹಳ ಜನಕ್ಕೆ ತೋರಿಸದ ಸಮುದಾಯ ಇದು. 1043ರ ನಂತರ ಯಾರನ್ನೂ ಹೊಸದಾಗಿ ಒಳಗೆ ಸೇರಿಸಿಕೊಂಡಿಲ್ಲ. ಹಾಗಿದ್ದರೆ ಈ ನಿಯಮಗಳನ್ನು ಬರೆದವರು ಯಾರು? ಮೊದಲಿನಿಂದ ಇದ್ದವೋ, 1948ರಲ್ಲಿ ಕೂತು ಮಾಡಿದ್ದೋ? ಗೊತ್ತಿರುವವರು ದಯವಿಟ್ಟು ಬರೆಯಿರಿ. ಹೆಣ್ಣುಮಕ್ಕಳ ಹಕ್ಕಿನ ವಿಷಯ ಆದ್ದರಿಂದ ನನಗೆ ಇದು ಬರೀ ಕುತೂಹಲ ಅಲ್ಲ.

ದಂಡಕಾರಣ್ಯ

ಸಿಂಪಲ್. ದರಾಜಿ ಅನ್ನುವವನು ಸ್ಥಾಪಿಸಿದ ಪಂಥ. ಅವನ ಹೆಸರೇ ಪಂಥಕ್ಕೆ ಬಂತು. ಕಾನೂನೂ ಅವನದ್ದೇ ಇರಬೇಕು.

ಇತಿಹಾಸದ ಹುಚ್ಚು

@ದಂಡಕಾರಣ್ಯ ಇಲ್ಲ ಸರ್, ಇದನ್ನು ಯಾವ ಡ್ರೂಜ್ ಹಿರಿಯರೂ ಒಪ್ಪುವುದಿಲ್ಲ. ದರಾಜಿಯನ್ನು ಅವರು ದಾರಿ ತಪ್ಪಿದವನು ಅಂತಲೇ ಎಣಿಸುತ್ತಾರೆ. ಹೊರಗಿನವರು ಅವನ ಹೆಸರಿಟ್ಟು ಕರೆದರು, ಅದೇ ಅಂಟಿಕೊಂಡಿತು. ಅವರು ತಮ್ಮನ್ನು ಮುವಹ್ಹಿದೂನ್, ಅಂದರೆ ಏಕದೇವರನ್ನು ನಂಬುವವರು ಅಂತ ಕರೆದುಕೊಳ್ಳುತ್ತಾರೆ.

ನಡೆದದ್ದು ಹೀಗೆ. ಜಾಗ ಕೈರೋ. ಕಾಲ ಈಜಿಪ್ಟನ್ನು ಆಳಿದ ಫಾತಿಮಿ ಖಲೀಫರದ್ದು. ಖಲೀಫ ಅಲ್ ಹಾಕಿಮ್ 996ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹನ್ನೊಂದು ವರ್ಷದ ಹುಡುಗ. ಫಾತಿಮಿಗಳು ಶಿಯಾ ಮುಸ್ಲಿಮರಲ್ಲಿ ಇಸ್ಮಾಯಿಲಿ ಅನ್ನುವ ಪಂಗಡದವರು. ಗ್ರಂಥಕ್ಕೆ ಹೊರಗಿನ ಅರ್ಥ ಒಂದು, ಒಳಗಿನ ಅರ್ಥ ಇನ್ನೊಂದು ಅನ್ನುವುದು ಅವರ ನಂಬಿಕೆ. ಗ್ರೀಕ್ ತತ್ವಶಾಸ್ತ್ರವನ್ನೂ ಚೆನ್ನಾಗಿ ಅರಗಿಸಿಕೊಂಡಿದ್ದರು. 1005ರಲ್ಲಿ ಹಾಕಿಮ್ ಕೈರೋದಲ್ಲಿ ಒಂದು ದೊಡ್ಡ ವಿದ್ಯಾಕೇಂದ್ರವನ್ನೇ ತೆರೆದ. ಇಂಥ ಊರಿನಲ್ಲಿ ಹಂಜಾ ಇಬ್ನ್ ಅಲಿ ಅನ್ನುವ ಖುರಾಸಾನಿನ ಪರ್ಷಿಯನ್ ಪಂಡಿತ 1017ರಲ್ಲಿ ಹೊಸ ಕರೆ ಕೊಟ್ಟ. ಹೊರಗಿನ ಅರ್ಥವೂ ಸಾಕು, ಒಳಗಿನ ಅರ್ಥವೂ ಸಾಕು, ಇನ್ನು ಉಳಿದದ್ದು ಶುದ್ಧ ತೌಹೀದ್, ಅಂದರೆ ದೇವರ ಏಕತೆ, ಒಂದೇ ಅಂದ. ಕೈರೋ ಹೊರವಲಯದ ರೈದಾನ್ ಮಸೀದಿ ಇವರು ಸೇರುವ ಜಾಗ.

ದರಾಜಿ ಇದೇ ಗುಂಪಿನಲ್ಲಿದ್ದವನು. ಹಂಜಾನ ಮಾತು ಮೀರಿ ತಾನೇ ಮುಂದಾಳು ಅಂತ ಹೊರಟ, ಬೀದಿಯಲ್ಲಿ ಗಲಭೆ ಎಬ್ಬಿಸಿದ. 1019ರ ಹೊತ್ತಿಗೆ ಅವನ ಕೊಲೆ ಆಯಿತು. ಆ ಗಲಾಟೆಯಿಂದ ಕರೆಯನ್ನೇ ಒಂದು ವರ್ಷ ನಿಲ್ಲಿಸಿದ್ದರು. ಹಂಜಾ ತನ್ನ ಶಕೆ ಎಣಿಸುವಾಗ ಆ ವರ್ಷವನ್ನು ಬಿಟ್ಟೇ ಎಣಿಸುತ್ತಾನೆ. ಹಿಜರಿ 408 ಮೊದಲ ವರ್ಷ, 410 ಎರಡನೆಯದು.

ದಂಡಕಾರಣ್ಯ

ಓಕೆ. ಆದ್ರೆ ಹಾಕಿಮ್‌ನನ್ನೇ ದೇವರು ಅಂತ ಪೂಜೆ ಮಾಡ್ತಾರೆ ಅಂತಾರಲ್ಲ?

ಇತಿಹಾಸದ ಹುಚ್ಚು

"ಪೂಜೆ" ಅಂದುಬಿಟ್ಟರೆ ತಪ್ಪಾಗುತ್ತದೆ. ದೇವರು ಮನುಷ್ಯನ ದೇಹದೊಳಗೆ ಇಳಿದ ಅಂತ ಅವರು ಹೇಳುವುದಿಲ್ಲ. ದೈವ ತನ್ನನ್ನು ಮನುಷ್ಯನ ರೂಪದಲ್ಲಿ ಕಾಣಿಸಿತು, ಕನ್ನಡಿಯಲ್ಲಿ ಮುಖ ಕಂಡ ಹಾಗೆ ಅನ್ನುವುದು ಅವರ ವಿವರಣೆ. ಕನ್ನಡಿ ಮುಖ ಅಲ್ಲ. ಆದರೂ ಆಗಿನ ಇಸ್ಮಾಯಿಲಿ ಪಂಡಿತರಿಗೆ ಇದು ನುಂಗಲಾರದ ಮಾತಾಗಿತ್ತು. ಹಮೀದುದ್ದೀನ್ ಅಲ್ ಕಿರ್ಮಾನಿ ಅನ್ನುವ ದೊಡ್ಡ ವಿದ್ವಾಂಸ ಕೈರೋಗೆ ಬಂದು ಇದನ್ನು ಖಂಡಿಸಿಯೇ ಬರೆದ.

ಹೊಸಪೇಟೆ ರಫೀಕ್

ಅಲ್ ಕಿರ್ಮಾನಿ ಮಾತ್ರ ಅಲ್ಲ ಸರ್. ಮುಂದೆ ಇಬ್ನ್ ತೈಮಿಯಾ ಅನ್ನುವ ಸುನ್ನಿ ವಿದ್ವಾಂಸರು, 1328ರಲ್ಲಿ ತೀರಿಕೊಂಡವರು, ಡ್ರೂಜರ ವಿರುದ್ಧ ಬಹಳ ಕಟುವಾದ ಫತ್ವಾ ಕೊಟ್ಟರು. ಅದನ್ನು ಇವತ್ತಿಗೂ ಕೆಲವರು ಹಿಂಸೆಗೆ ನೆಪ ಮಾಡಿಕೊಳ್ಳುತ್ತಾರೆ. ಮುಸ್ಲಿಮನಾಗಿ ನನಗೆ ಇದು ನೋವಿನ ವಿಷಯ. ನಂಬಿಕೆ ನನ್ನದಲ್ಲ, ಹಾಗಂತ ಆ ಜನರ ಜೀವ ಅಗ್ಗವೇ? ಗ್ರಂಥವನ್ನು ಗುಟ್ಟಾಗಿ ಇಡುವುದನ್ನು ವಿಚಿತ್ರ ಅನ್ನುವವರು ಈ ಹಿನ್ನೆಲೆಯನ್ನೂ ನೋಡಬೇಕು.

ಕೋರ್ಟ್‌ಹಾಲ್ ಕವಿತಾ

ರಫೀಕ್ ಭಾಯ್, ಸರಿಯಾಗಿ ಹೇಳಿದಿರಿ. ಈಗ ಕಾನೂನಿನ ಕಡೆ ಬರೋಣ. ಮೂಲದಲ್ಲಿ ಏನಾದರೂ ಇತ್ತಾ?

ಇತಿಹಾಸದ ಹುಚ್ಚು

ಇತ್ತು ಮೇಡಂ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅವರ ಗ್ರಂಥ ಅಂದರೆ ರಸಾಇಲ್ ಅಲ್ ಹಿಕ್ಮಾ. ಒಟ್ಟು 111 ಪತ್ರಗಳು, ಆರು ಸಂಪುಟ. ಬರೆದವರಲ್ಲಿ ಮುಖ್ಯರು ಮೂವರು: ಹಂಜಾ, ಇಸ್ಮಾಯಿಲ್ ಅಲ್ ತಮೀಮಿ, ಬಹಾ ಅಲ್ ದೀನ್ ಅಲ್ ಮುಕ್ತನಾ. ಇದು ಕಾನೂನಿನ ಪುಸ್ತಕ ಅಲ್ಲ. ಆ ಕಾಲದ ಶಿಷ್ಯರಿಗೆ, ಅಧಿಕಾರಿಗಳಿಗೆ, ದೂರದ ಊರುಗಳ ಗುಂಪುಗಳಿಗೆ ಬರೆದ ಕಾಗದಗಳು. ಬಹಾ ಅಲ್ ದೀನ್ ಅಂತೂ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಎಂಟನೇ ಕಾನ್‌ಸ್ಟಂಟೈನ್‌ಗೂ ಬರೆದಿದ್ದಾನೆ.

ಇಸ್ಲಾಮಿನ ಐದು ಸ್ತಂಭಗಳ ಜಾಗಕ್ಕೆ ಹಂಜಾ ಏಳು ಕಟ್ಟಳೆ ಇಟ್ಟ. ಮೊದಲನೆಯದು ಸತ್ಯ ಹೇಳುವುದು. ಎರಡನೆಯದು ನಂಬಿಕೆಯ ಸಹೋದರರನ್ನು ಕಾಪಾಡುವುದು. ಹಳೆಯ ಪೂಜೆಗಳನ್ನು ಬಿಡುವುದು, ಕೆಡುಕಿನಿಂದ ದೂರ ಇರುವುದು, ದೇವರ ಏಕತೆಯನ್ನು ಒಪ್ಪುವುದು ಆಮೇಲೆ ಬರುತ್ತವೆ. ಕೊನೆಯ ಎರಡು ಅವನ ಇಚ್ಛೆಗೆ ತೃಪ್ತಿಯಿಂದ ಇರುವುದು, ಪೂರ್ತಿ ಶರಣಾಗುವುದು. ಇವುಗಳಲ್ಲಿ ಎರಡನೆಯದೇ ಆಚರಣೆಯಲ್ಲಿ ತುಂಬಾ ಗಟ್ಟಿ. ಡ್ರೂಜ್ ಹಳ್ಳಿಗೆ ಕಷ್ಟ ಬಂದರೆ ಗಡಿ ಆಚೆಯ ಡ್ರೂಜರು ಎದ್ದು ನಿಲ್ಲುವುದು ಅದಕ್ಕೇ.

ಮದುವೆಯ ವಿಷಯಕ್ಕೇ ಒಂದು ಪತ್ರ ಇದೆ. ನಂಬಿಕೆಯ ಹೆಣ್ಣನ್ನು ಮದುವೆ ಆದವನು ಅವಳನ್ನು ತನಗೆ ಸಮಾನಳಾಗಿ ನಡೆಸಿಕೊಳ್ಳಬೇಕು, ತನ್ನ ಬಳಿ ಇರುವುದರಲ್ಲಿ ಸಮಪಾಲು ಕೊಡಬೇಕು. ಅವಳ ತಪ್ಪಿಲ್ಲದೆ ಗಂಡ ಬಿಟ್ಟರೆ ಅವನ ಆಸ್ತಿಯಲ್ಲಿ ಅರ್ಧ ಅವಳಿಗೆ. ಗಂಡ ನ್ಯಾಯವಾಗಿ ನಡೆದುಕೊಂಡಿದ್ದೂ ಅವಳೇ ಬಿಟ್ಟು ಹೊರಟರೆ ಅವಳದ್ದರಲ್ಲಿ ಅರ್ಧ ಅವನಿಗೆ. ಬರೆದದ್ದು 11ನೇ ಶತಮಾನದ ಶುರುವಿನಲ್ಲಿ! ಸಮಪಾಲು ಅಂದ ಮೇಲೆ ಎರಡನೇ ಹೆಂಡತಿಗೆ ಜಾಗ ಎಲ್ಲಿ? ಬಹುಪತ್ನಿತ್ವ ಬೇಡ ಅನ್ನುವ ನಿಯಮಕ್ಕೆ ಬೇರು ಇಲ್ಲಿಯೇ.

ಕೋರ್ಟ್‌ಹಾಲ್ ಕವಿತಾ

ಇದನ್ನು ಓದಿ ನಿಜಕ್ಕೂ ಖುಷಿ ಆಯಿತು. ಆದರೆ ಒಂದು ಒಗಟು. ಹಾಕಿಮ್ 1014ರಲ್ಲಿ ಹೆಂಗಸರು ಮನೆಯಿಂದ ಹೊರಗೆ ಬರಬಾರದು, ಚಮ್ಮಾರರು ಹೆಂಗಸರಿಗೆ ಚಪ್ಪಲಿ ಹೊಲಿಯಬಾರದು ಅಂತ ಆಜ್ಞೆ ಮಾಡಿದ್ದ ಅಲ್ವಾ? ಅದೇ ಹಾಕಿಮ್‌ನನ್ನು ನಂಬುವವರು ಹೆಣ್ಣಿಗೆ ಅರ್ಧ ಆಸ್ತಿ ಬರೆದರು ಅಂದರೆ ಹೇಗೆ ಹೊಂದುತ್ತದೆ?

ಇತಿಹಾಸದ ಹುಚ್ಚು

ಆಜ್ಞೆ ಕೈರೋ ನಗರಕ್ಕೆ, ಸರ್ಕಾರದ್ದು. ಪತ್ರಗಳು ಒಳಗಿನ ಸಮುದಾಯಕ್ಕೆ, ಹಂಜಾನದ್ದು. ಹಾಕಿಮ್ ಸ್ವತಃ ಡ್ರೂಜ್ ಗ್ರಂಥ ಬರೆಯಲಿಲ್ಲ. ನನ್ನ ಅಭಿಪ್ರಾಯದಲ್ಲಿ ಹಂಜಾಗೆ ಹೆಂಗಸರು ಬೇಕೇಬೇಕಾಗಿತ್ತು. ಪ್ರತಿಯೊಬ್ಬರೂ ಒಂದು ಪ್ರತಿಜ್ಞಾಪತ್ರಕ್ಕೆ ಒಪ್ಪಿ ಸೇರಬೇಕಿತ್ತು, ಹೆಂಗಸರೂ ಅಷ್ಟೇ. ಸ್ವಂತ ಬುದ್ಧಿಯಿಂದ ಒಪ್ಪಿ ಸೇರಿದವಳನ್ನು ಗಂಡನ ಸೊತ್ತು ಅಂತ ಹೇಗೆ ನಡೆಸಿಕೊಳ್ಳುವುದು?

ಶಾಲ್ಮಲಾ

ಹಾಕಿಮ್ ಮುಲೂಖಿಯಾ ಸೊಪ್ಪು ತಿನ್ನಬಾರದು ಅಂತಲೂ ಆಜ್ಞೆ ಹೊರಡಿಸಿದ್ದ. ಈಜಿಪ್ಟಿನವರಿಗೆ ಅದಿಲ್ಲದೆ ಊಟವೇ ಇಲ್ಲ. ಧಾರ್ಮಿಕ ಡ್ರೂಜರು ಇವತ್ತಿಗೂ ತಿನ್ನುವುದಿಲ್ಲ.

ಗಿರಿಜಾ ಭಟ್ಕಳ

ಮುಲೂಖಿಯಾ ಅಂದರೆ ಸೆಣಬಿನ ಸೊಪ್ಪು ಅಲ್ವಾ? ದುಬೈನಲ್ಲಿ ತಿಂದಿದ್ದೇನೆ. ಬಸಳೆ ಥರ ಲೋಳೆ ಲೋಳೆ. ಕೋಳಿ ಜೊತೆ ಚೆನ್ನಾಗಿರುತ್ತದೆ.

ನೇತ್ರಾವತಿ ತೀರ

ಇವರು ಪುನರ್ಜನ್ಮ ನಂಬುತ್ತಾರೆ ಅನ್ನುವುದನ್ನು ಯಾರೂ ಹೇಳಲೇ ಇಲ್ಲ! ಇದು ನಮ್ಮ ಭಾರತದಿಂದಲೇ ಹೋದದ್ದು. ಕರ್ಮ ಸಿದ್ಧಾಂತವೇ ಇದು. ಬೇರೆ ಎಲ್ಲಿಂದ ಬರಬೇಕು?

ಇತಿಹಾಸದ ಹುಚ್ಚು

@ನೇತ್ರಾವತಿ ತೀರ ಅಷ್ಟು ಬೇಗ ತೀರ್ಮಾನ ಬೇಡ. ಗ್ರೀಕರಲ್ಲಿ ಪೈಥಾಗೊರಸ್, ಪ್ಲೇಟೋ ಇಬ್ಬರೂ ಪುನರ್ಜನ್ಮ ಹೇಳಿದ್ದರು. ಡ್ರೂಜರು ಇವರನ್ನು ಬಹಳ ಗೌರವಿಸುತ್ತಾರೆ. ಡ್ರೂಜರ ತಕಮ್ಮುಸ್, ಅಂದರೆ ಪುನರ್ಜನ್ಮದ ನಂಬಿಕೆ, ನಮ್ಮದಕ್ಕಿಂತ ಬೇರೆಯೇ. ಮನುಷ್ಯನ ಆತ್ಮ ಮನುಷ್ಯನಾಗಿಯೇ ಹುಟ್ಟುತ್ತದೆ. ಪ್ರಾಣಿ, ಹುಳ, ಮರ ಆಗುವುದಿಲ್ಲ. ಸತ್ತ ತಕ್ಷಣ ಇನ್ನೊಂದು ದೇಹ, ನಡುವೆ ಅಂತರ ಇಲ್ಲ. ಆತ್ಮಗಳ ಒಟ್ಟು ಸಂಖ್ಯೆ ಯಾವತ್ತೂ ಅಷ್ಟೇ. ಈ ಜನ್ಮದ ಪಾಪಕ್ಕೆ ಮುಂದಿನ ಜನ್ಮದಲ್ಲಿ ಶಿಕ್ಷೆ ಅನ್ನುವ ಲೆಕ್ಕ ಮುಖ್ಯ ಅಲ್ಲ. ಒಂದು ಆತ್ಮ ಬಡತನ, ಸಿರಿತನ, ರೋಗ, ಆರೋಗ್ಯ ಎಲ್ಲವನ್ನೂ ಕಾಣಬೇಕು. ಆಗ ಮಾತ್ರ ಕೊನೆಯ ದಿನದ ತೀರ್ಪು ನ್ಯಾಯ ಆಗುತ್ತದೆ. ಒಂದೇ ಬದುಕು ನೋಡಿ ತೀರ್ಪು ಕೊಟ್ಟರೆ ಬಡವನಿಗೆ ಅನ್ಯಾಯ ಅನ್ನುವ ವಾದ ಇದರಲ್ಲಿದೆ.

ನೇತ್ರಾವತಿ ತೀರ

ತತ್ವ ಒಂದೇ ರೀ. ವಿವರ ಬೇರೆ ಇರಬಹುದು.

ಹೊಸಪೇಟೆ ರಫೀಕ್

ಕೊನೆಯ ದಿನದ ತೀರ್ಪು ಇದೆ ಅಂದರೆ ತತ್ವ ಒಂದೇ ಹೇಗೆ ಆಗುತ್ತದೆ? ಅದು ಅಬ್ರಹಾಮನ ಪರಂಪರೆಯ ಮಾತು. ಎರಡನ್ನೂ ಸೇರಿಸಿ ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ಅವರದ್ದು ಅವರದ್ದಾಗಿಯೇ ಇರಲಿ ಬಿಡಿ.

ಕುಂದಾಪ್ರದ ಅಕ್ಕ

ನಾನು ಹೈಫಾದಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಇದ್ದೇನೆ. ನಮ್ಮ ಕರಾವಳಿಯವರು ತುಂಬಾ ಜನ ಇದೇ ಕೆಲಸದಲ್ಲಿ ಇಲ್ಲಿದ್ದೇವೆ. ಅಜ್ಜಿಗೆ ಇಂಜೆಕ್ಷನ್ ಕೊಡಲು ಬರುವ ನರ್ಸ್ ಡ್ರೂಜ್ ಹುಡುಗಿ, ದಾಲಿಯತ್ ಅಲ್ ಕಾರ್ಮೆಲ್ ಊರಿನವಳು. ನಾನೂ ಅವಳೂ ಈಗ ಗೆಳತಿಯರು. ಅವರ ಮನೆಗೂ ಹೋಗಿದ್ದೇನೆ.

ಅವಳು ಜೀನ್ಸ್ ಹಾಕುತ್ತಾಳೆ, ಗ್ರಂಥ ಓದಿಲ್ಲ. ಕೇಳಿದರೆ "ನಾನು ಜುಹ್ಹಾಲ್, ನನಗೆ ಅದು ತೆರೆದಿಲ್ಲ" ಅನ್ನುತ್ತಾಳೆ. ಜುಹ್ಹಾಲ್ ಅಂದರೆ ದೀಕ್ಷೆ ಇಲ್ಲದವರು. ಹಾಗೆ ಹೇಳಲು ಅವಳಿಗೆ ನಾಚಿಕೆ ಏನೂ ಇಲ್ಲ. ಅವಳ ಅಮ್ಮ ಮಾತ್ರ ಉಕ್ಕಾಲ್, ದೀಕ್ಷೆ ತೆಗೆದುಕೊಂಡವರು. ತಲೆ ಮೇಲೆ ತೆಳ್ಳನೆಯ ಬಿಳಿ ಬಟ್ಟೆ, ಗಲ್ಲದ ಕೆಳಗೆ ಸುತ್ತಿ ಬಾಯಿಯವರೆಗೆ ಎಳೆದಿರುತ್ತಾರೆ. ದೀಕ್ಷೆ ಆದಮೇಲೆ ಮದುವೆ ಮನೆಯ ಹಾಡು ಕುಣಿತ ಬಿಟ್ಟರಂತೆ. ಗುರುವಾರ ಸಂಜೆ ಖಲ್ವಾಕ್ಕೆ ಹೋಗುತ್ತಾರೆ. ಅದು ಅವರ ಪ್ರಾರ್ಥನೆಯ ಜಾಗ. ಒಳಗೆ ಗಂಡಸರ ಮತ್ತು ಹೆಂಗಸರ ನಡುವೆ ಒಂದು ಪರದೆ. ಮೊದಲ ಭಾಗಕ್ಕೆ ಎಲ್ಲರೂ ಕೂರಬಹುದು, ಆಮೇಲೆ ದೀಕ್ಷೆ ಇಲ್ಲದವರು ಎದ್ದು ಬರಬೇಕು. ಅಂದರೆ ಅಮ್ಮ ಒಳಗೆ, ಮಗಳು ಹೊರಗೆ!

ಕೋರ್ಟ್‌ಹಾಲ್ ಕವಿತಾ

ಅಕ್ಕ, ಹೆಂಗಸರೂ ಉಕ್ಕಾಲ್ ಆಗಬಹುದು ಅನ್ನುವುದು ಗೊತ್ತಿತ್ತು, ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು. ಅವರ ಮನೆಯಲ್ಲಿ ಯಾರದಾದರೂ ವಿಚ್ಛೇದನ ಆಗಿದೆಯಾ? ಕೇಳುವುದು ತಪ್ಪಾದರೆ ಬಿಡಿ.

ಕುಂದಾಪ್ರದ ಅಕ್ಕ

ಅವಳ ಅತ್ತೆಯದು, ಅಂದರೆ ಅಪ್ಪನ ತಂಗಿಯದು ಆಗಿದೆ. ಬಿಟ್ಟ ಗಂಡ ಆಮೇಲೆ ಬೇಸರಪಟ್ಟು ವಾಪಸ್ ಕರೆದನಂತೆ. ಆದರೆ ದಾರಿಯೇ ಇಲ್ಲ. ಇಬ್ಬರೂ ಒಂದೇ ಸೂರಿನ ಕೆಳಗೆ ಕೂರುವಂತೆಯೂ ಇಲ್ಲ. ಮಕ್ಕಳ ಮದುವೆಯಲ್ಲಿ ಕೂಡ ಒಬ್ಬರು ಬಂದು ಹೋದಮೇಲೆ ಇನ್ನೊಬ್ಬರು ಬಂದರು ಅಂದಳು. ನನಗೆ ಕೇಳಿ ಸಂಕಟ ಆಯಿತು.

ಹೊಸಪೇಟೆ ರಫೀಕ್

ಕಠಿಣ ಅನ್ನಿಸುತ್ತದೆ, ಆದರೆ ಅದರ ಹಿಂದಿನ ಯೋಚನೆ ನೋಡಿ. ಸುನ್ನಿಗಳ ಕಾನೂನು ಪಂಥಗಳಲ್ಲಿ ಒಂದಾದ ಹನಫಿ ನಿಯಮದಲ್ಲಿ ಮೊದಲ ಎರಡು ತಲಾಖ್ ಆದಮೇಲೆ ಇದ್ದತ್ ಅನ್ನುವ ಕಾಯುವ ಅವಧಿಯೊಳಗೆ ಗಂಡ ಹೆಂಡತಿಯನ್ನು ವಾಪಸ್ ಕರೆದುಕೊಳ್ಳಬಹುದು. ಕೋಪ ಇಳಿದಮೇಲೆ ಸಂಸಾರ ಉಳಿಯಲಿ ಅಂತ ಕೊಟ್ಟ ಅವಕಾಶ ಅದು. ಅದನ್ನೇ ಹೆದರಿಸುವ ಅಸ್ತ್ರ ಮಾಡಿಕೊಂಡವರನ್ನೂ ನಾನು ನೋಡಿದ್ದೇನೆ. ಡ್ರೂಜರಲ್ಲಿ ಆ ಆಟವೇ ಇಲ್ಲ. ಬಾಯಿ ಬಿಡುವ ಮೊದಲೇ ಗಂಡಸು ಹತ್ತು ಸಲ ಯೋಚಿಸಬೇಕು.

ಕೋರ್ಟ್‌ಹಾಲ್ ಕವಿತಾ

ಒಪ್ಪುತ್ತೇನೆ, ಅರ್ಧ ಮಾತ್ರ. ದುಡುಕಿದವನಿಗೆ ಶಿಕ್ಷೆ ಸರಿ. ದುಡುಕದೇ ಇದ್ದವಳಿಗೂ ಅದೇ ಶಿಕ್ಷೆ ಆಗುತ್ತದಲ್ಲ? ಕೋರ್ಟಿನಲ್ಲಿ ಬೇರೆಯಾಗಿ, ನಾಲ್ಕು ವರ್ಷ ಆದಮೇಲೆ ಮಕ್ಕಳ ಸಲುವಾಗಿ ಮತ್ತೆ ಕೂಡಿದ ದಂಪತಿ ನನ್ನ ಕಕ್ಷಿದಾರರಲ್ಲೇ ಇದ್ದಾರೆ. ಇವತ್ತಿಗೂ ಚೆನ್ನಾಗಿದ್ದಾರೆ.

ವಾದಿರಾಜ್ ಬೆಂ.

ಇದಕ್ಕೇ ನಮ್ಮಲ್ಲಿ ಏಕರೂಪ ನಾಗರಿಕ ಸಂಹಿತೆ ಬರಬೇಕು ಅನ್ನೋದು. ಧರ್ಮಕ್ಕೊಂದು ಕಾನೂನು ಇದ್ದರೆ ಹೀಗೇ.

ಶಾಲ್ಮಲಾ

ವಾದಿರಾಜ್ ಸರ್, ಅದಕ್ಕೆ ಬೇರೆ ಎಳೆ ಇದೆ, ಮುನ್ನೂರು ಕಾಮೆಂಟ್ ಆಗಿದೆ. ಇಲ್ಲಿ ಬೇಡ ಪ್ಲೀಸ್.

ನಿರ್ವಾಹಕರು

ಶಾಲ್ಮಲಾ ಹೇಳಿದ್ದು ಸರಿ. ವಿಷಯಕ್ಕೆ ಬನ್ನಿ.

ಸುಬೇದಾರ್ ಮಡಿಕೇರಿ

ನಾನು ಸೇನೆಯಲ್ಲಿದ್ದಾಗ ದಕ್ಷಿಣ ಲೆಬನಾನಿನ ವಿಶ್ವಸಂಸ್ಥೆ ಶಾಂತಿಪಡೆಯಲ್ಲಿ ಇದ್ದೆ. ಭಾರತದ ಬೆಟಾಲಿಯನ್ 1998ರಿಂದ ಅಲ್ಲಿದೆ. ನಮ್ಮ ಭಾಗದಲ್ಲಿ ಹಾಸ್ಬಯಾ ಅನ್ನುವ ಊರು, ಸುತ್ತ ಡ್ರೂಜ್ ಹಳ್ಳಿಗಳು. ಊರಿನ ಮೇಲೆ ಗುಡ್ಡದಲ್ಲಿ ಖಲ್ವಾತ್ ಅಲ್ ಬಯ್ಯಾದಾ ಇದೆ. ಅವರ ಅತಿ ದೊಡ್ಡ ಧಾರ್ಮಿಕ ಕೇಂದ್ರ. ಸಾಧಕರು ಇರುವ ಸಣ್ಣ ಸಣ್ಣ ಕಲ್ಲಿನ ಮನೆಗಳು, ಸುತ್ತ ಮರಗಳು. ಒಂದು ದುಂಡನೆಯ ಕಲ್ಲುಕಟ್ಟೆ, ಅಲ್ಲಿ ಹಿರಿಯರು ಕೂತು ಚರ್ಚೆ ಮಾಡುತ್ತಾರೆ. ಆಡಂಬರ ಸೊನ್ನೆ. ಮೂರ್ತಿ ಇಲ್ಲ, ಮಿನಾರ್ ಇಲ್ಲ.

ಶೇಖ್‌ಗಳು (ಧಾರ್ಮಿಕ ಹಿರಿಯರು) ಕಪ್ಪು ಅಥವಾ ಕಡುನೀಲಿ ಬಟ್ಟೆ, ತಲೆಗೆ ಬಿಳಿ ಪೇಟ. ನಮ್ಮ ವೈದ್ಯಕೀಯ ಶಿಬಿರಕ್ಕೆ ಬಂದ ಒಬ್ಬ ವಯಸ್ಸಾದ ಶೇಖ್ ಔಷಧಿ ತೆಗೆದುಕೊಂಡರು, ಚಹಾ ಮುಟ್ಟಲಿಲ್ಲ. ದುಭಾಷಿ ಹೇಳಿದ: ಯಾವ ದುಡ್ಡಿನಿಂದ ಬಂತು ಅಂತ ಖಚಿತ ಇಲ್ಲದ ಅನ್ನ ಇವರು ಉಣ್ಣುವುದಿಲ್ಲ. ಸರ್ಕಾರದ ಸಂಬಳದ್ದು, ಬಡ್ಡಿಯದ್ದು ಯಾವುದೂ ಬೇಡ. ತಮ್ಮ ಹೊಲದ್ದು ಮಾತ್ರ. ಮಾರನೇ ವಾರ ಅದೇ ಶೇಖ್ ಒಂದು ಬುಟ್ಟಿ ಅಂಜೂರ ಕಳಿಸಿದರು.

ಹಳ್ಳಿಯವರು ಮಾತ್ರ ನಮಗೆ "ಮಾತೆ" ಅನ್ನುವ ಎಲೆಯ ಕಷಾಯ ಕುಡಿಸದೆ ಬಿಡುತ್ತಿರಲಿಲ್ಲ. ಅರ್ಜೆಂಟೀನಾಕ್ಕೆ ವಲಸೆ ಹೋದವರು ತಂದ ಪಾನೀಯ. ಒಂದೇ ಸಣ್ಣ ಬುರುಡೆ, ಒಂದೇ ಲೋಹದ ನಳಿಗೆ, ಎಲ್ಲರಿಗೂ ಸುತ್ತು. ಒಬ್ಬರು ಕುಡಿದಮೇಲೆ ನಿಂಬೆ ಸಿಪ್ಪೆಯಿಂದ ನಳಿಗೆ ಉಜ್ಜಿ ಮುಂದಿನವರಿಗೆ. ಮೊದಲು ಕಹಿ, ಆಮೇಲೆ ಅಭ್ಯಾಸ ಆಗಿಬಿಡುತ್ತದೆ.

ಗಿರಿಜಾ ಭಟ್ಕಳ

ಸುಬೇದಾರರೇ, ಮಾತೆ ಈಗ ಬೆಂಗಳೂರಿನಲ್ಲೂ ಸಿಗುತ್ತದೆ, ಆನ್‌ಲೈನ್.

ಇತಿಹಾಸದ ಹುಚ್ಚು

ಸುಬೇದಾರರು ಹೇಳಿದ ಜಾಗ ಗ್ರಂಥದ ಕಥೆಗೂ ಮುಖ್ಯ. 1838ರಲ್ಲಿ ಈಜಿಪ್ಟಿನ ಇಬ್ರಾಹಿಂ ಪಾಷಾನ ಸೇನೆ ಬಯ್ಯಾದಾವನ್ನು ದೋಚಿತು. ಹಸ್ತಪ್ರತಿಗಳು ಚದುರಿ ಯುರೋಪಿನ ಗ್ರಂಥಾಲಯಗಳನ್ನು ಸೇರಿದವು. ಅದಕ್ಕೂ ಮೊದಲೇ, 1700ರಲ್ಲಿ, ಒಬ್ಬ ಸಿರಿಯನ್ ವೈದ್ಯ ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ ಕೆಲವು ಪ್ರತಿ ಕೊಟ್ಟಿದ್ದ. ಹೀಗೆ ಗುಟ್ಟಿನ ಗ್ರಂಥವನ್ನು ಪ್ಯಾರಿಸಿನ ಪಂಡಿತರು ಓದಿದರು, ಡ್ರೂಜ್ ಹಳ್ಳಿಯ ರೈತ ಓದಲಿಲ್ಲ.

ಶಾಲ್ಮಲಾ

ಒಂದು ಸಂದೇಹ. 1043ರಲ್ಲಿ ಬಾಗಿಲು ಮುಚ್ಚಿದ್ದು ಯಾಕೆ? ಹೆದರಿಕೆಯಿಂದಲಾ?

ಇತಿಹಾಸದ ಹುಚ್ಚು

ಹೆದರಿಕೆ ಒಂದು ಕಾರಣ. 1021ರ ಫೆಬ್ರವರಿಯಲ್ಲಿ ಹಾಕಿಮ್ ರಾತ್ರಿ ಮುಕತ್ತಮ್ ಗುಡ್ಡದ ಕಡೆ ಕತ್ತೆ ಏರಿ ಹೋದವನು ತಿರುಗಿ ಬರಲಿಲ್ಲ. ಕತ್ತೆ ಸಿಕ್ಕಿತು, ರಕ್ತದ ಕಲೆಯ ಬಟ್ಟೆ ಸಿಕ್ಕಿತು, ಅಷ್ಟೇ. ಡ್ರೂಜರಿಗೆ ಅವನು ಮರೆಯಾದವನು. ಹಂಜಾನೂ ಅದೇ ವರ್ಷ ಕಣ್ಮರೆಯಾದ. ಹೊಸ ಖಲೀಫ ಅಲ್ ಜಾಹಿರ್ ಇವರನ್ನು ಹುಡುಕಿ ಹುಡುಕಿ ಕೊಲ್ಲಿಸಿದ. ಈಜಿಪ್ಟಿನಲ್ಲಿ ಇವರ ಗುರುತೇ ಅಳಿಯಿತು. ಉಳಿದದ್ದು ಲೆಬನಾನ್, ಸಿರಿಯಾದ ಬೆಟ್ಟಗಳಲ್ಲಿ. ಆರೇಳು ವರ್ಷ ಬಿಟ್ಟು ಬಹಾ ಅಲ್ ದೀನ್ ಮತ್ತೆ ಪತ್ರ ಬರೆಯಲು ಶುರು ಮಾಡಿದ. ಗ್ರಂಥದ ದೊಡ್ಡ ಭಾಗ ಅವನದ್ದೇ.

ಇನ್ನೊಂದು ಕಾರಣ ಒಳಗಿನದು. ವಾದಿ ಅಲ್ ತಯ್ಮ್ ಕಣಿವೆಯಲ್ಲಿ ಸುಕೈನ್ ಅನ್ನುವವನು ತಾನೇ ದೊಡ್ಡವನು ಅಂತ ಹೊರಟ, ನೀತಿ ನಿಯಮ ಎಲ್ಲ ಗಾಳಿಗೆ ತೂರಿದ. ಹೊಸಬರು ಬಂದಷ್ಟೂ ಇಂಥವರು ಹುಟ್ಟುತ್ತಾರೆ ಅಂತ ಬಹಾ ಅಲ್ ದೀನ್‌ಗೆ ಬೇಸತ್ತು ಹೋಗಿತ್ತು.

ಸಿದ್ಧಾಂತದ ಕಡೆಯಿಂದಲೂ ಇದು ಹೊಂದುತ್ತದೆ. ಆತ್ಮಗಳ ಸಂಖ್ಯೆ ಅಷ್ಟೇ ಅಂದೆನಲ್ಲ. ಕರೆ ತೆರೆದಿದ್ದಾಗ ಒಪ್ಪಿದ ಆತ್ಮಗಳೇ ಡ್ರೂಜರಾಗಿ ಮತ್ತೆ ಮತ್ತೆ ಹುಟ್ಟುತ್ತವೆ. ಹೊಸಬರನ್ನು ಸೇರಿಸುವ ಅಗತ್ಯವೇ ಇಲ್ಲ. ಬೇರೆ ಧರ್ಮದವರ ಜೊತೆ ಮದುವೆಯನ್ನು ಒಪ್ಪದೇ ಇರುವುದಕ್ಕೂ ಇದೇ ಆಧಾರ.

ಕೋರ್ಟ್‌ಹಾಲ್ ಕವಿತಾ

ಇಲ್ಲಿ ನನಗೆ ಒಂದು ವಿಷಯ ಸ್ಪಷ್ಟ ಆಗುತ್ತಿದೆ. ಸಿದ್ಧಾಂತ 1043ಕ್ಕೆ ನಿಂತಿತು. ಕಾನೂನು ನಿಲ್ಲಲಿಲ್ಲ. ಯಾರೋ ಅದನ್ನು ದಿನನಿತ್ಯದ ಬದುಕಿಗೆ ಇಳಿಸಿರಬೇಕು. ಯಾರು?

ಇತಿಹಾಸದ ಹುಚ್ಚು

ಅಮೀರ್ ಅಲ್ ಸಯ್ಯಿದ್ ಜಮಾಲುದ್ದೀನ್ ಅಬ್ದುಲ್ಲಾ ಅಲ್ ತನೂಖಿ. 1417ರಿಂದ 1479. ಲೆಬನಾನಿನ ಅಬೇ ಊರಿನವರು, ಸಮಾಧಿಯೂ ಅಲ್ಲಿಯೇ, ಜನ ಈಗಲೂ ಹೋಗುತ್ತಾರೆ. ಹಂಜಾ ತಂಡದ ನಂತರ ಡ್ರೂಜರಿಗೆ ಇವರಷ್ಟು ದೊಡ್ಡವರು ಇನ್ನೊಬ್ಬರಿಲ್ಲ.

ಅವರ ಕಾಲಕ್ಕೆ ಹಳ್ಳಿಗಳಲ್ಲಿ ಶಿಸ್ತು ಸಡಿಲ ಆಗಿತ್ತು. ಪತ್ರಗಳಿಗೆ ಅವರು ವ್ಯಾಖ್ಯಾನ ಬರೆದರು. ಪತ್ರಗಳನ್ನು ಈಗಿನ ಕ್ರಮದಲ್ಲಿ ಜೋಡಿಸಿದವರೂ ಅವರೇ ಅನ್ನುವುದು ಪರಂಪರೆ. ಸುತ್ತಲಿನ ಹಳ್ಳಿಗಳಿಗೆ ಶಿಷ್ಯರನ್ನು ಕಳಿಸಿ ಮದುವೆ, ವಿಚ್ಛೇದನ, ಉಯಿಲು, ಸಂಪಾದನೆ ಹೇಗಿರಬೇಕು ಅಂತ ತಿದ್ದಿದರು. ಊರಿನವರು ವಿರೋಧಿಸಿದಾಗ ದಮಾಸ್ಕಸ್‌ಗೆ ಹೋಗಿ ಅಲ್ಲಿಯೇ ಹತ್ತು ವರ್ಷಕ್ಕೂ ಹೆಚ್ಚು ಇದ್ದರು. ಕೊನೆಗೆ ಅದೇ ಜನ ಹೋಗಿ ವಾಪಸ್ ಕರೆತಂದರು.

ಅವರ ಒಬ್ಬನೇ ಮಗ ಮದುವೆಯ ಹೊತ್ತಿನಲ್ಲೇ ಕುದುರೆ ಒದ್ದು ಸತ್ತ ಅನ್ನುತ್ತಾರೆ. ತಂದೆ ಅತಿಥಿಗಳ ಊಟ ಮುಗಿಯುವವರೆಗೆ ಸುದ್ದಿ ಹೇಳಲಿಲ್ಲವಂತೆ. ಆಮೇಲೆ ತಾವೇ ಎದ್ದು ನಿಂತು ಅವರನ್ನು ಸಮಾಧಾನ ಮಾಡಿದರಂತೆ. ದೇವರ ಇಚ್ಛೆಗೆ ಒಪ್ಪುವ ಕಟ್ಟಳೆಗೆ ಡ್ರೂಜರು ಇವತ್ತಿಗೂ ಕೊಡುವ ಉದಾಹರಣೆ ಇದು.

ನೇತ್ರಾವತಿ ತೀರ

ಓದಿ ಮೈ ಜುಮ್ ಅಂತು. ಎಂಥ ಮನುಷ್ಯ.

ದಂಡಕಾರಣ್ಯ

ಉಯಿಲಿನ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಪೂರ್ತಿ ಆಸ್ತಿ ಯಾರಿಗೆ ಬೇಕಾದರೂ ಅಂದರೆ ಹೆಣ್ಣುಮಕ್ಕಳಿಗೆ ಒಳ್ಳೆಯದೇ ಅಲ್ವಾ?

ಹೊಸಪೇಟೆ ರಫೀಕ್

ಎರಡೂ ಕಡೆ ಕೊಯ್ಯುತ್ತದೆ ಸರ್. ಸುನ್ನಿ ನಿಯಮದಲ್ಲಿ ಉಯಿಲು ಬರೆಯುವುದು ಮೂರನೇ ಒಂದು ಭಾಗಕ್ಕೆ ಮಾತ್ರ, ಅದೂ ವಾರಸುದಾರರಲ್ಲದವರಿಗೆ. ಉಳಿದ ವಾರಸುದಾರರು ಒಪ್ಪಿದರೆ ಬೇರೆ ಮಾತು. ಮಿಕ್ಕಿದ್ದು ನಿಗದಿಯಾದ ಪಾಲಿನಂತೆ ಹಂಚಿಕೆ. ಮಗಳಿಗೆ ಮಗನ ಅರ್ಧ. ಕಡಿಮೆ ಅನ್ನಿಸಬಹುದು, ಆದರೆ ಅಪ್ಪ ಬಯಸಿದರೂ ಅದನ್ನು ತಪ್ಪಿಸಲು ಆಗುವುದಿಲ್ಲ. ಡ್ರೂಜ್ ಅಪ್ಪ ಮಗಳಿಗೆ ಎಲ್ಲವನ್ನೂ ಬರೆಯಬಹುದು. ಏನೂ ಬರೆಯದೆಯೂ ಇರಬಹುದು.

ಕೋರ್ಟ್‌ಹಾಲ್ ಕವಿತಾ

ನಿಜ, ಮತ್ತು ಹಳ್ಳಿಯಲ್ಲಿ ಎರಡನೆಯದೇ ಜಾಸ್ತಿ. ಜಮೀನು ಮನೆತನದ ಕೈ ತಪ್ಪಬಾರದು ಅಂತ ಗಂಡುಮಕ್ಕಳ ಹೆಸರಿಗೇ ಬರೆಯುವ ರೂಢಿ. ನಮ್ಮ ಕಡೆ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಹಂಜಾನ ಪತ್ರದಲ್ಲಿ ಹೆಂಡತಿ ಸಮಾನಳು. ಐನೂರು ವರ್ಷದ ಉಯಿಲುಗಳಲ್ಲಿ ಮಗಳು ಸಮಾನಳಾಗಿ ಉಳಿಯಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಕುಂದಾಪ್ರದ ಅಕ್ಕ

ನನ್ನ ಗೆಳತಿಯ ಅತ್ತೆ ಇರುವುದು ಅಣ್ಣನ ಮನೆಯ ಕೆಳಗಿನ ಕೋಣೆಯಲ್ಲಿ. ಅವಳ ಅಜ್ಜ ಉಯಿಲಿನಲ್ಲಿ ಬರೆದಿದ್ದರಂತೆ: ಮನೆ ಗಂಡುಮಕ್ಕಳಿಗೆ, ಆದರೆ ಮದುವೆ ಆಗದ, ಗಂಡ ಬಿಟ್ಟ ಅಥವಾ ವಿಧವೆಯಾದ ಮಗಳಿಗೆ ಒಂದು ಕೋಣೆ, ಅಡುಗೆಗೆ ಜಾಗ, ಇರುವಷ್ಟು ದಿನ. ಆ ಕೋಣೆಗೆ ಬೇರೆ ಬಾಗಿಲು ಇದೆ, ಮುಂದೆ ಪುದೀನ ಕುಂಡ. ಅಣ್ಣನ ಹೆಂಡತಿ ಏನೂ ಅನ್ನುವಂತಿಲ್ಲ, ಯಾಕಂದರೆ ಉಯಿಲಿನಲ್ಲಿ ಇದೆ. ಇಂಥ ಸಾಲು ಅವರ ಊರಿನ ತುಂಬಾ ಉಯಿಲುಗಳಲ್ಲಿ ಇರುತ್ತದಂತೆ.

ಹೊಸಪೇಟೆ ರಫೀಕ್

ಇದು ಮುಖ್ಯ. ಕೊಟ್ಟದ್ದು ಕಡಿಮೆಯೇ, ಆದರೆ ಬೀದಿಗೆ ಬೀಳದಂತೆ ತಡೆದಿದ್ದಾರೆ.

ಕೋರ್ಟ್‌ಹಾಲ್ ಕವಿತಾ

ಇರಲು ಜಾಗ ಬೇರೆ, ಒಡೆತನ ಬೇರೆ ರಫೀಕ್ ಭಾಯ್. ಆ ಕೋಣೆಯನ್ನು ಅವರು ಮಾರಲೂ ಆಗದು, ತಮ್ಮ ಮಗಳಿಗೆ ಬಿಡಲೂ ಆಗದು.

ಹೊಸಪೇಟೆ ರಫೀಕ್

ಅದೂ ಸರಿಯೇ.

ವಾದಿರಾಜ್ ಬೆಂ.

ಹಾಗಾದರೆ 1948ರಲ್ಲಿ ಏನು ಹೊಸದು?

ಹೊಸಪೇಟೆ ರಫೀಕ್

ಬರವಣಿಗೆಗೆ ಇಳಿಸಿದ್ದೇ ಹೊಸದು. ಅಟೋಮನ್ನರ ಕಾಲದಲ್ಲಿ ಸರ್ಕಾರದ ಕೋರ್ಟುಗಳು ನಡೆಸಿದ್ದು ಹನಫಿ ನಿಯಮ. ಡ್ರೂಜರ ಹಿರಿಯರು ತಮ್ಮ ರೂಢಿಯಂತೆ ತೀರ್ಮಾನ ಮಾಡುತ್ತಿದ್ದರು. 1948ರಲ್ಲಿ ಲೆಬನಾನಿನಲ್ಲಿ ಎರಡನ್ನೂ ಸೇರಿಸಿ ಕಾಯ್ದೆ ಆಯಿತು. ಒಬ್ಬಳೇ ಹೆಂಡತಿ, ವಾಪಸಾಗದ ವಿಚ್ಛೇದನ, ಉಯಿಲಿನ ಸ್ವಾತಂತ್ರ್ಯ ಡ್ರೂಜರದ್ದು. ಉಯಿಲು ಬರೆಯದೆ ಸತ್ತರೆ ಹಂಚಿಕೆ ಹನಫಿ ಪ್ರಕಾರ. ಸಿರಿಯಾದ 1953ರ ಕಾನೂನು 307ನೇ ಕಲಮಿನಲ್ಲಿ ಡ್ರೂಜರಿಗೆ ಇದೇ ವಿನಾಯಿತಿಗಳನ್ನು ಕೊಟ್ಟಿತು. ಇಸ್ರೇಲ್ 1957ರಲ್ಲಿ ಅವರನ್ನು ಪ್ರತ್ಯೇಕ ಧಾರ್ಮಿಕ ಸಮುದಾಯ ಅಂತ ಒಪ್ಪಿತು, 1962ರಲ್ಲಿ ಡ್ರೂಜ್ ಧಾರ್ಮಿಕ ಕೋರ್ಟುಗಳ ಕಾಯ್ದೆ ಮಾಡಿತು. ಅಲ್ಲಿನ ಹಿರಿಯರು ಲೆಬನಾನಿನ ಕಾಯ್ದೆಯನ್ನೇ ಸ್ವಲ್ಪ ತಿದ್ದಿ ತೆಗೆದುಕೊಂಡರು. ಎರಡು ದೇಶಗಳ ನ್ಯಾಯಾಧೀಶರು ಒಬ್ಬರನ್ನೊಬ್ಬರು ಭೇಟಿ ಆಗುವಂತಿಲ್ಲ, ಕಾನೂನು ಮಾತ್ರ ಹೆಚ್ಚುಕಡಿಮೆ ಒಂದೇ!

ಕೋರ್ಟ್‌ಹಾಲ್ ಕವಿತಾ

2017ರ ತಿದ್ದುಪಡಿಯನ್ನೂ ಸೇರಿಸಿ. ಲೆಬನಾನಿನಲ್ಲಿ ಮೊದಲು ಮಗ 7 ವರ್ಷಕ್ಕೆ, ಮಗಳು 9 ವರ್ಷಕ್ಕೆ ತಂದೆಯ ಬಳಿ ಹೋಗಬೇಕಿತ್ತು. ಈಗ ಮಗ 12, ಮಗಳು 14ರವರೆಗೆ ತಾಯಿಯ ಬಳಿ ಇರಬಹುದು. ತಾಯಂದಿರು ವರ್ಷಗಟ್ಟಲೆ ಕೇಳಿದ್ದಕ್ಕೆ ಸಿಕ್ಕಿದ್ದು ಇದು. ಅಂದರೆ ಗ್ರಂಥ ಗುಟ್ಟಾಗಿದ್ದರೂ ಕಾನೂನು ಬದಲಾಗಬಲ್ಲದು.

ಹಳೇ ಹುಬ್ಬಳ್ಳಿ

ವಿಷಯದಿಂದ ಸ್ವಲ್ಪ ಆಚೆ. ನಮ್ಮ ಅಂಗಡಿ ಪಕ್ಕ ಬೋಹ್ರಾ ಕುಟುಂಬದ ಹಾರ್ಡ್‌ವೇರ್ ಅಂಗಡಿ ಇದೆ. ಅವರೂ ಇಸ್ಮಾಯಿಲಿಗಳು ಅಲ್ವಾ? ಕೈರೋದ ಹಾಕಿಮ್ ಮಸೀದಿಗೆ ಹೋಗಿ ಬಂದ ಫೋಟೋ ತೋರಿಸಿದ್ದರು.

ಇತಿಹಾಸದ ಹುಚ್ಚು

ಹೌದು. ಬೋಹ್ರಾಗಳಿಗೆ ಹಾಕಿಮ್ ಹದಿನಾರನೇ ಇಮಾಮ್. ಪಾಳು ಬಿದ್ದಿದ್ದ ಆ ಮಸೀದಿಯನ್ನು 1980ರಲ್ಲಿ ಜೀರ್ಣೋದ್ಧಾರ ಮಾಡಿಸಿದ್ದೇ ಬೋಹ್ರಾ ಗುರು ಸಯ್ಯದ್ನಾ ಮೊಹಮ್ಮದ್ ಬುರ್ಹಾನುದ್ದೀನ್. ಒಂದೇ ಖಲೀಫ, ಎರಡು ದಾರಿ. ಬೋಹ್ರಾಗಳು ನಮಾಜ್, ಉಪವಾಸ, ಹಜ್ ಎಲ್ಲ ಉಳಿಸಿಕೊಂಡರು. ಡ್ರೂಜರು ಅವುಗಳನ್ನು ದಾಟಿದೆವು ಅಂದರು.

ಭಾರತದ ನಂಟು ಬೇಕಿದ್ದರೆ ಇನ್ನೊಂದು. ಬಹಾ ಅಲ್ ದೀನ್‌ನ ಪತ್ರಗಳಲ್ಲಿ ಒಂದು ಮುಲ್ತಾನ್ ಮತ್ತು ಹಿಂದೂಸ್ತಾನದ ಏಕದೇವವಾದಿಗಳಿಗೆ ಬರೆದದ್ದು. ಅದರಲ್ಲೂ ಇಬ್ನ್ ಸೂಮರ್ ರಾಜಬಲ ಅನ್ನುವ ಮುಖಂಡನಿಗೆ. ಸಿಂಧ್‌ನ ಸೂಮ್ರಾ ಅರಸರ ಇತಿಹಾಸ ಬರೆಯುವವರು ಈ ಪತ್ರವನ್ನು ಆಧಾರವಾಗಿ ಹಿಡಿಯುತ್ತಾರೆ.

ನೇತ್ರಾವತಿ ತೀರ

ನೋಡಿದಿರಾ! ಭಾರತದ ನಂಟು ಇದೆ ಅಂತ ನಾನು ಮೊದಲೇ ಹೇಳಿದೆ.

ಇತಿಹಾಸದ ಹುಚ್ಚು

ಪತ್ರ ಅಲ್ಲಿಂದ ಇಲ್ಲಿಗೆ ಬಂದದ್ದು ಮೇಡಂ, ಇಲ್ಲಿಂದ ಅಲ್ಲಿಗೆ ಹೋದದ್ದಲ್ಲ. ಇಲ್ಲಿಗೆ ಹುಡುಕಿಕೊಂಡು ಬಂದ ಡ್ರೂಜ್ ಬೇಕಿದ್ದರೆ ಕಮಾಲ್ ಜುಂಬ್ಲಾತ್. ಲೆಬನಾನಿನ ದೊಡ್ಡ ನಾಯಕ, 1977ರಲ್ಲಿ ಕೊಲೆಯಾದವರು. ಕೇರಳದ ಅದ್ವೈತ ಗುರು ಆತ್ಮಾನಂದ ಕೃಷ್ಣ ಮೆನನ್ ಅವರ ಶಿಷ್ಯ. ತಿರುವನಂತಪುರಕ್ಕೆ ಬಂದು ಪಾಠ ಕೇಳಿದವರು. ಅದು 20ನೇ ಶತಮಾನದ ಒಬ್ಬ ವ್ಯಕ್ತಿಯ ಹುಡುಕಾಟ, ಸಿದ್ಧಾಂತದ ಮೂಲ ಅಲ್ಲ.

ಕೋರ್ಟ್‌ಹಾಲ್ ಕವಿತಾ

ಅಕ್ಕ, ಒಂದು ಸಹಾಯ. ಉಯಿಲಿನ ಸ್ವಾತಂತ್ರ್ಯ ಹೆಂಗಸರಿಗೂ ಇದೆ ಅಂತ ಓದಿದ್ದೇನೆ. ಆಚರಣೆಯಲ್ಲಿ ಹೆಂಗಸರು ನಿಜವಾಗಿ ಬರೆಯುತ್ತಾರಾ? ಗೆಳತಿಯನ್ನು ಕೇಳಿ ಹೇಳುತ್ತೀರಾ?

ಕುಂದಾಪ್ರದ ಅಕ್ಕ

ಕೇಳಿದೆ. ಬರೆಯುತ್ತಾರಂತೆ. ಅವಳ ಅಮ್ಮನಿಗೆ ತವರಿನಿಂದ ಬಂದ ಸ್ವಲ್ಪ ಆಲಿವ್ ತೋಟ ಇದೆ. ಅದನ್ನು ಮಗಳ ಹೆಸರಿಗೇ ಬರೆದಿದ್ದಾರೆ. ಗಂಡುಮಕ್ಕಳಿಗೆ ಅಪ್ಪನ ಕಡೆಯದು ಇದೆಯಲ್ಲ ಅಂದರಂತೆ. ಅಣ್ಣಂದಿರಲ್ಲಿ ಒಬ್ಬನಿಗೆ ಒಳಗೊಳಗೆ ಅಸಮಾಧಾನ, ಆದರೆ ಅಮ್ಮ ಉಕ್ಕಾಲ್ ಆದ್ದರಿಂದ ಎದುರು ಮಾತಾಡುವುದಿಲ್ಲ.

ಕೋರ್ಟ್‌ಹಾಲ್ ಕವಿತಾ

ನೋಂದಣಿ ಆಗಿದೆಯಾ, ಅಥವಾ ಬರೀ ಶೇಖ್ ಮುಂದೆ ಬರೆದದ್ದಾ? ಅಣ್ಣ ಈಗ ಸುಮ್ಮನಿದ್ದರೂ ನಾಳೆ ಕೋರ್ಟಿಗೆ ಹೋಗಬಹುದು. ದಯವಿಟ್ಟು ಅದನ್ನು ಖಚಿತ ಮಾಡಿಕೊಳ್ಳಲು ಹೇಳಿ.

ಕುಂದಾಪ್ರದ ಅಕ್ಕ

ಶೇಖ್ ಮುಂದೆ ಬರೆದದ್ದು ಅಂದಳು. ಭಾನುವಾರ ಇಂಜೆಕ್ಷನ್‌ಗೆ ಬರುತ್ತಾಳೆ. ಅವರ ಧಾರ್ಮಿಕ ಕೋರ್ಟಿನಲ್ಲಿ ವಿಚಾರಿಸು ಅಂತ ಹೇಳುತ್ತೇನೆ.